ಕಡಿಮೆ ಅಂದರೆ ಒಳ್ಳೆಯದೇ?

ಡೊಂಬಿವಲಿ ಎಂಐಡಿಸಿಯ ನಮ್ಮ ಕಡೆ ಯಾವುದಾದರೂ ಮನೆಯ ಹೆಂಗಸಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಂಜೆಯೊಳಗೆ ಎರಡು ಮಾತು ಕೇಳಿಬರುತ್ತವೆ. ಒಂದು, "ಈ ಕೆಮಿಕಲ್ ಗಾಳಿ ಕುಡಿದರೆ ಇನ್ನೇನು ಬರುತ್ತೆ?" ಇನ್ನೊಂದು, "ನಮ್ಮೂರ ಕಡೆ ಇದೆಲ್ಲ ಇರಲೇ ಇಲ್ಲ." ಮೊದಲನೆಯ ಮಾತಿಗೆ ಇಲ್ಲಿ ಯಾರೂ ಎದುರಾಡುವುದಿಲ್ಲ. 2020ರ ಫೆಬ್ರವರಿಯಲ್ಲಿ ಇಲ್ಲಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಲು ಮುಖ್ಯಮಂತ್ರಿಯೇ ಬಂದು ಹೋದರು. 2016ರ ಮೇ ಮತ್ತು 2024ರ ಮೇ ತಿಂಗಳ ಕಾರ್ಖಾನೆ ಸ್ಫೋಟಗಳನ್ನು ನಾವಿನ್ನೂ ಮರೆತಿಲ್ಲ. ಆದರೆ ಎರಡನೆಯ ಮಾತನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಊರು ಬಿಟ್ಟು ಬಂದವರಿಗೆ ಅದು ಬೇಕಾದ ಮಾತು. ನಾವು ಬಿಟ್ಟು ಬಂದದ್ದು ಆರೋಗ್ಯದ ನಾಡು, ಸೇರಿದ್ದು ರೋಗದ ನಗರ ಎಂದುಕೊಂಡರೆ ವಲಸೆಯ ನೋವಿಗೊಂದು ಘನತೆ ಬರುತ್ತದೆ.

ಅಂಕಿ-ಸಂಖ್ಯೆಗಳೂ ಮೇಲ್ನೋಟಕ್ಕೆ ಈ ಮಾತಿನ ಪರವಾಗಿಯೇ ಇವೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ವರದಿಯೊಂದು 2020ರಲ್ಲಿ ಹೊರಬಂತು. ಅದನ್ನು ಸಿದ್ಧಪಡಿಸಿದ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲೇ. 2012ರಿಂದ 2016ರವರೆಗೆ ದೇಶದ 28 ನೋಂದಣಿ ಕೇಂದ್ರಗಳು ಕಲೆಹಾಕಿದ ಲೆಕ್ಕ ಅದರಲ್ಲಿದೆ. ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿ, ಹೆಂಗಸರಲ್ಲಿ ಅತಿ ಹೆಚ್ಚಿನ ದರ ಅರುಣಾಚಲದ ಪಾಪುಮ್‌ಪಾರೆಯದು: ಲಕ್ಷಕ್ಕೆ 219.8. ಅತಿ ಕಡಿಮೆ ಉಸ್ಮಾನಾಬಾದ್ ಮತ್ತು ಬೀಡ್ ಜಿಲ್ಲೆಗಳದು: 49.4. ಈಗ ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದ್ ಅಂದರೆ ನಮ್ಮ ಕಲಬುರಗಿ, ಬೀದರಗಳಿಗೆ ಅಂಟಿಕೊಂಡ ಜಿಲ್ಲೆ. ಉಮರ್ಗಾದ ಸಂತೆಯಲ್ಲಿ ಕನ್ನಡ ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಂದರೆ ದೇಶದಲ್ಲೇ ಅತಿ ಕಡಿಮೆ ಎನ್ನುವ ಜಾಗ ಹೆಚ್ಚುಕಡಿಮೆ "ನಮ್ಮೂರ ಕಡೆ"ಯೇ.

ಅಂಡಾಶಯದ ಕ್ಯಾನ್ಸರಿನಲ್ಲೂ ಇಂಥದ್ದೇ ಏರಿಳಿತವಿದೆ. ದೆಹಲಿ, ಮುಂಬೈ, ಬೆಂಗಳೂರಿನಂಥ ನಗರಗಳಲ್ಲಿ ಹೆಚ್ಚು, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಂಥ ಹಳ್ಳಿಗಾಡಿನಲ್ಲಿ ಕಡಿಮೆ. ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ನಂತರದ ಸ್ಥಾನ ಇದರದು. 2020ರ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 45 ಸಾವಿರ ಹೊಸ ರೋಗಿಗಳು, 32 ಸಾವಿರ ಸಾವು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಿರಿದು ನೋಡಿ. ಬಹಳಷ್ಟು ಹೆಂಗಸರಲ್ಲಿ ಇದು ಪತ್ತೆಯಾಗುವ ಹೊತ್ತಿಗೆ ಹೊಟ್ಟೆಯೊಳಗೆಲ್ಲ ಹಬ್ಬಿರುತ್ತದೆ. ಲಕ್ಷಣಗಳೂ ಅಂಥವೇ: ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯಲ್ಲಿ ನೋವು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು. ಇವನ್ನು ಯಾವ ಹೆಂಗಸು ಅನುಭವಿಸಿಲ್ಲ? ಆರೋಗ್ಯವಂತರನ್ನೆಲ್ಲ ಕರೆದು ಪರೀಕ್ಷಿಸಿ ಮೊದಲೇ ಹಿಡಿಯೋಣವೆಂದರೆ ಅದಕ್ಕೊಂದು ಒಳ್ಳೆಯ ಪರೀಕ್ಷೆಯೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರ ಮೇಲೆ ವರ್ಷಗಟ್ಟಲೆ ರಕ್ತಪರೀಕ್ಷೆ, ಸೋನೋಗ್ರಫಿ ನಡೆಸಿ ನೋಡಿದರು. ಅದರಿಂದ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ವರದಿ ಬಂತು.

ಹೀಗಿರುವಾಗ "ಕಡಿಮೆ" ಎಂಬ ಅಂಕಿ ಹುಟ್ಟುವುದು ಹೇಗೆ? ಶಾಲೆಯಲ್ಲಿ ಕಲಿತ ಅಂಶ ಮತ್ತು ಛೇದ ಇಲ್ಲೂ ಸಾಕು. ಛೇದದಲ್ಲಿ ಆ ಪ್ರದೇಶದ ಎಲ್ಲ ಹೆಂಗಸರು. ಅವರು ಜನಗಣತಿಯಿಂದ ಬರುತ್ತಾರೆ. ಅಂಶದಲ್ಲಿ ರೋಗ ಪತ್ತೆಯಾದವರು. ಅವರನ್ನು ನೋಂದಣಿಯ ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯ, ಮರಣ ದಾಖಲೆಗಳನ್ನು ಒಂದೊಂದಾಗಿ ಜಾಲಾಡಿ ಹುಡುಕಬೇಕು. ಹಳ್ಳಿಯಲ್ಲಿ ಮುದುಕರು ಹೆಚ್ಚು, ನಗರದಲ್ಲಿ ಹುಡುಗರು ಹೆಚ್ಚು ಎಂಬ ತಕರಾರು ಬರದಿರಲೆಂದು ಜಪಾನಿನ ಸೆಗಿ 1960ರಲ್ಲಿ ರೂಪಿಸಿದ, ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಜನಸಂಖ್ಯೆಗೆ ಎಲ್ಲರನ್ನೂ ಸರಿದೂಗಿಸುತ್ತಾರೆ. ವಯಸ್ಸಿನ ವ್ಯತ್ಯಾಸವನ್ನು ಹೀಗೆ ಸರಿದೂಗಿಸಬಹುದು. ಡಾಕ್ಟರರ ಬಳಿಗೆ ಹೋಗದವಳನ್ನು ಯಾವ ಸೂತ್ರದಿಂದ ಸರಿದೂಗಿಸುವುದು? ಅಂಡಾಶಯದ ಕ್ಯಾನ್ಸರ್ ಎಂದು ಬರೆಯಬೇಕಾದರೆ ಹೊಟ್ಟೆಯಿಂದ ಗಡ್ಡೆಯ ಚೂರೋ ನೀರೋ ಹೊರಬರಬೇಕು, ಅದು ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು, ಅದನ್ನು ಓದಬಲ್ಲವರು ಇರಬೇಕು. ಹೊಟ್ಟೆಯಲ್ಲಿ ನೀರು ತುಂಬಿ ಮನೆಯಲ್ಲೇ ತೀರಿಕೊಂಡವಳು ಛೇದದಲ್ಲಿ ಉಳಿಯುತ್ತಾಳೆ, ಅಂಶಕ್ಕೆ ಏರುವುದೇ ಇಲ್ಲ.

ನನ್ನ ವೃತ್ತಿಯಲ್ಲಿ ಇದು ಹಳೆಯ ಕಥೆ. ಡ್ಯಾಶ್‌ಬೋರ್ಡಿನಲ್ಲಿ ಒಂದೂ ದೋಷವಿಲ್ಲದೆ ಹಸಿರಾಗಿ ಹೊಳೆಯುವ ಮಾಡ್ಯೂಲ್ ಕಂಡರೆ ಅನುಭವಸ್ಥರು ಮೊದಲು ಕೇಳುವುದು "ಇದನ್ನು ಯಾರು ಟೆಸ್ಟ್ ಮಾಡಿದರು?" ಎಂದು.

ಆದರೆ ಎಲ್ಲವನ್ನೂ "ಎಣಿಸಿಲ್ಲ, ಅದಕ್ಕೇ ಕಡಿಮೆ" ಎಂದು ತಳ್ಳಿಹಾಕುವುದೂ ಸೋಮಾರಿತನವೇ. ಬಾರ್ಶಿಯಲ್ಲಿ 1987ರಿಂದ ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಮಾತಾಡಿಸಿ ರೋಗಿಗಳನ್ನು ಹುಡುಕುವ ಪದ್ಧತಿ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅದು. ಅಲ್ಲೂ ದರ ಕಡಿಮೆಯೇ ಇದೆ. ವ್ಯತ್ಯಾಸದ ಒಂದು ಪಾಲು ನಿಜವಾದದ್ದು, ಮೈಯೊಳಗಿನದು. ನನಗೆ ಹೆಚ್ಚು ಕಷ್ಟದ ಪ್ರಶ್ನೆ ಎದುರಾದದ್ದು ಈ ನಿಜವಾದ ಪಾಲಿನಲ್ಲಿಯೇ.

1971ರಲ್ಲಿ ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಪ್ರತಿ ತಿಂಗಳು ಅಂಡ ಬಿಡುಗಡೆಯಾಗುವಾಗ ಅಂಡಾಶಯದ ಮೇಲ್ಪದರ ಬಿರಿಯುತ್ತದೆ, ಮತ್ತೆ ಕೂಡುತ್ತದೆ. ಬಿಡುವಿಲ್ಲದೆ ವರ್ಷಗಟ್ಟಲೆ ನಡೆಯುವ ಈ ಕೆಲಸವೇ ಕ್ಯಾನ್ಸರಿಗೆ ದಾರಿಯಾಗಬಹುದು ಎಂಬುದು ಅವರ ತರ್ಕ. ಈ ರೋಗದ ಬಹುಪಾಲು ಅಂಡನಾಳದ ತುದಿಯಲ್ಲಿ ಹುಟ್ಟುತ್ತದೆ ಎಂದು ಆಮೇಲೆ ತಿಳಿದುಬಂದರೂ ಮೂಲ ಸುಳಿವು ನಿಂತಿದೆ. ಬಸಿರು, ಮೊಲೆಯೂಡಿಸುವಿಕೆ, ಗರ್ಭನಿರೋಧಕ ಮಾತ್ರೆ ಎಲ್ಲವೂ ಅಂಡಾಶಯಕ್ಕೆ ರಜೆ ಕೊಡುತ್ತವೆ, ಅಪಾಯ ತಗ್ಗಿಸುತ್ತವೆ. ಅಂಡನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆಯೂ ತಗ್ಗಿಸುತ್ತದೆ.

ಇದನ್ನು ನಮ್ಮ ಉತ್ತರ ಕರ್ನಾಟಕದ, ಮರಾಠವಾಡದ ಹೆಂಗಸಿನ ಬದುಕಿನ ಮೇಲೆ ಇಟ್ಟು ನೋಡಿ. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಮೊದಲ ಹೆರಿಗೆ, ಒಂದೊಂದು ಕೂಸಿಗೆ ಎರಡು ಎರಡೂವರೆ ವರ್ಷ ಮೊಲೆಹಾಲು, ಇಪ್ಪತ್ತೈದು ತುಂಬುವ ಮೊದಲೇ "ಆಪರೇಷನ್". ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ತಂದು ಮಾಡಿದ್ದಕ್ಕೆ ಸರ್ಕಾರವೇ ಉರುಳಿತು. ಆಮೇಲೆ ಆ ಭಾರವನ್ನೆಲ್ಲ ಹೆಂಗಸರ ಹೊಟ್ಟೆಗೆ ವರ್ಗಾಯಿಸಲಾಯಿತು, ಯಾವ ಸರ್ಕಾರವೂ ಉರುಳಲಿಲ್ಲ. ಹೀಗೆ ಅವಳು ಕೇಳದೆ ಬಂದ, ಅವಳನ್ನು ಕೇಳದೆ ಆದ ಸಂಗತಿಗಳೆಲ್ಲ ಸೇರಿ ಅವಳಿಗೊಂದು ರಕ್ಷಣೆ ಕೊಟ್ಟಿವೆ. ಆ ರಕ್ಷಣೆ ಸುಳ್ಳಲ್ಲ. ಆದರೆ ಅದನ್ನು ಒಳ್ಳೆಯ ಸುದ್ದಿ ಎಂದು ಹಂಚಲು ನನ್ನ ಕೈ ಏಳುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಅತಿ ಕಡಿಮೆ ದರದ ಪಟ್ಟಿಯಲ್ಲಿರುವ ಬೀಡ್ ಜಿಲ್ಲೆ 2019ರಲ್ಲಿ ಬೇರೊಂದು ಕಾರಣಕ್ಕೆ ಸುದ್ದಿಯಾಯಿತು. ಅಲ್ಲಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೂ ಕಬ್ಬು ಕಡಿಯಲು ಹೋಗುವ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದರು. ಮುಟ್ಟಿನ ದಿನ ಕೆಲಸ ತಪ್ಪಿದರೆ ಗುತ್ತಿಗೆದಾರನಿಗೆ ದಂಡ ಕಟ್ಟಬೇಕು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದರೆ "ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡು" ಎಂದು ಹೆದರಿಸುವ ಡಾಕ್ಟರರು. ಸರ್ಕಾರ ನೇಮಿಸಿದ ಸಮಿತಿ ಸುಮಾರು 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲೂ ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಹೋರಾಟ ನಡೆದಿದೆ.

ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದುಬಿಡುವುದು ಅಪರೂಪವೇನಲ್ಲ. ಇಲ್ಲದ ಅಂಗಕ್ಕೆ ಕ್ಯಾನ್ಸರ್ ಬರುವುದಿಲ್ಲ. ಆದರೆ ಜನಗಣತಿಯ ಲೆಕ್ಕದಲ್ಲಿ ಅವಳೂ ಒಬ್ಬ ಹೆಂಗಸು, ಛೇದದಲ್ಲಿ ಆರೋಗ್ಯವಂತಳಾಗಿ ಕೂತಿರುತ್ತಾಳೆ. ಬೀಡ್‌ನ ಕಡಿಮೆ ದರಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಗಂಡಸರ ದರವೂ ದೇಶದಲ್ಲೇ ಕಡಿಮೆ, ಲಕ್ಷಕ್ಕೆ 39.5. ನಾನು ಹೇಳುವುದಿಷ್ಟು: 49.4 ಎಂಬ ಅಂಕಿಯ ಹಿಂದೆ ಹೊಲದ ಜೋಳದ ರೊಟ್ಟಿ ತಿಂದು ಗಟ್ಟಿಯಾಗಿರುವ ಹೆಂಗಸೂ ಇರಬಹುದು, ಡಾಕ್ಟರರ ಮುಖ ಕಾಣದೆ ಸತ್ತವಳೂ ಇರಬಹುದು, ಅಂಡಾಶಯವನ್ನೇ ಕಳೆದುಕೊಂಡವಳೂ ಇರಬಹುದು. ಅಂಕಿ ಮೂವರನ್ನೂ ಒಂದೇ ದನಿಯಲ್ಲಿ "ರೋಗವಿಲ್ಲ" ಎನ್ನುತ್ತದೆ.

ಆಫೀಸಿನಲ್ಲಿ ಡೇಟಾ ನೋಡಿಕೊಳ್ಳುವ ಗೆಳೆಯನೊಬ್ಬ ಇದಕ್ಕೆ ಒಪ್ಪಲಿಲ್ಲ. ಎಣಿಸುವವರ ಕೆಲಸ ಎಣಿಸುವುದು, ನ್ಯಾಯ ಹೇಳುವುದಲ್ಲ. ಅಳತೆಗೋಲಿಗೆ ನೀತಿ ಅಂಟಿಸಿದರೆ ಅಳತೆಯೂ ಕೆಡುತ್ತದೆ ಎಂದ. ಅರ್ಧ ಸರಿ. ನೋಂದಣಿಯವರು ತಮ್ಮ ಮಾಹಿತಿ ಎಷ್ಟು ನಂಬಲರ್ಹ ಎಂಬುದನ್ನೂ ಮುಚ್ಚಿಡುವುದಿಲ್ಲ. ಎಷ್ಟು ಪಾಲು ಸೂಕ್ಷ್ಮದರ್ಶಕದಿಂದ ಖಚಿತವಾದದ್ದು, ಎಷ್ಟು ಪಾಲು ಮರಣಪತ್ರದಿಂದ ಮಾತ್ರ ತಿಳಿದದ್ದು ಎಂದು ವರದಿಯಲ್ಲೇ ಕೊಡುತ್ತಾರೆ. ತೊಂದರೆ ಇರುವುದು ಓದುವ ನಮ್ಮಲ್ಲಿ, ಖರ್ಚು ಮಾಡುವ ಸರ್ಕಾರದಲ್ಲಿ. ದರ ಹೆಚ್ಚಿರುವ ಕಡೆ ಆಸ್ಪತ್ರೆ ಕಟ್ಟುತ್ತಾರೆ, ಆಸ್ಪತ್ರೆ ಇರುವ ಕಡೆ ರೋಗ ಪತ್ತೆಯಾಗುತ್ತದೆ, ಪತ್ತೆಯಾದ ಕಡೆ ದರ ಹೆಚ್ಚುತ್ತದೆ. ಈ ಗಾಣದ ಹೊರಗೆ ನಿಂತ ತಾಲ್ಲೂಕಿಗೆ "ಕಡಿಮೆ" ಎಂಬುದು ಶಿಕ್ಷೆಯಾಗಿ ಬರುತ್ತದೆ. ಹಾಗಾಗಿ ಕಡಿಮೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು ಎಂಬುದು ನನ್ನ ನಿಲುವು. ರೋಗಿಯ ಮೇಲೆ ಆ ಹೊರೆ ಹೊರಿಸುವುದು ಅನ್ಯಾಯ.

ನಗರದ ಹೆಚ್ಚಿನ ದರವನ್ನು ಹೆಣ್ಣುಮಕ್ಕಳ ಮೇಲೆ ಬೆರಳು ತೋರಿಸಲು ಬಳಸುವವರೂ ಇದ್ದಾರೆ. "ಓದು ಓದು ಅಂತ ಮದುವೆ ತಡ, ಮಕ್ಕಳು ತಡ, ಅದಕ್ಕೇ ಈ ರೋಗ." ಸಂಬಂಧ ಇರುವುದು ನಿಜ, ಶಾಸನ ಮಾತ್ರ ಯಾರದೋ. ನನಗೆ ಹದಿನಾರು ವರ್ಷದ ಮಗಳಿದ್ದಾಳೆ. ಅವಳು ಓದಿ, ತಡವಾಗಿ, ಬೇಕಿದ್ದರೆ ಮಾತ್ರ ಮದುವೆಯಾಗಿ, ಒಂದಿಷ್ಟು ಹೆಚ್ಚಿನ ಅಪಾಯದ ಗುಂಪಿಗೆ ಸೇರಲಿ ಎಂದೇ ನನ್ನ ಆಸೆ. ಆ ಅಪಾಯವನ್ನು ಅವಳು ತಿಳಿದು ಹೊರುತ್ತಾಳೆ. ಮನೆತನದಲ್ಲಿ ಯಾರಿಗಾದರೂ ಬಂದಿದ್ದರೆ ಬಿಆರ್‌ಸಿಎ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ, ಡಾಕ್ಟರರನ್ನು ಪ್ರಶ್ನೆ ಕೇಳುತ್ತಾಳೆ. ಹದಿನೇಳಕ್ಕೆ ಮದುವೆಯಾದವಳಿಗೆ ಸಿಕ್ಕ ರಕ್ಷಣೆಯಲ್ಲಿ ಈ ತಿಳಿವಿಗೆ ಜಾಗವಿರಲಿಲ್ಲ.

ಇನ್ನು ನಾವು, ಇಲ್ಲಿಯೂ ಅಲ್ಲಿಯೂ ಇರುವವರು. ದೇಶದ ಮೊದಲ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಶುರುವಾದದ್ದು 1963ರಲ್ಲಿ ಮುಂಬೈಯಲ್ಲೇ, ಡಾ. ಜಸ್ಸಾವಾಲಾ ಅವರ ಮುತುವರ್ಜಿಯಿಂದ. ಆದರೆ ಅದರ ಎಲ್ಲೆ ಬೃಹನ್ಮುಂಬೈಗೆ ಮುಗಿಯುತ್ತದೆ, ಮುಲುಂಡ್ ದಾಟುವುದಿಲ್ಲ. ನಾನು ಹೇಳಿದ ಆ 28 ಕೇಂದ್ರಗಳಲ್ಲಿ ಮಹಾರಾಷ್ಟ್ರದವು ಏಳು, ಠಾಣೆ ಜಿಲ್ಲೆಯದಿಲ್ಲ. ಕರ್ನಾಟಕದ್ದು ಒಂದೇ, ಬೆಂಗಳೂರು. ಅಂದರೆ ವಿಜಯಪುರದಿಂದ ಡೊಂಬಿವಲಿಗೆ ಬಂದ ಹೆಂಗಸು ಆ ವರದಿಯ ಯಾವ ದರದಲ್ಲೂ ಇಲ್ಲ. ಪರೇಲಿನ ಟಾಟಾ ಆಸ್ಪತ್ರೆಗೆ ಹೋದರೆ ಆಸ್ಪತ್ರೆಯ ರೋಗಿಗಳ ಪಟ್ಟಿಯಲ್ಲಿ ಸೇರುತ್ತಾಳೆ. ಆ ಪಟ್ಟಿಗೆ ಛೇದವಿಲ್ಲ, ಅದರಿಂದ ಯಾವ ಊರಿನ ದರವೂ ಹುಟ್ಟುವುದಿಲ್ಲ. ನಮ್ಮ ಕೆಮಿಕಲ್ ಗಾಳಿಯ ಪ್ರಶ್ನೆಗೂ ಇಲ್ಲೇ ಬಾಗಿಲು ಮುಚ್ಚುತ್ತದೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅಂಡಾಶಯದ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಎಂಐಡಿಸಿಯ ಗಾಳಿ ತರುತ್ತದೆಯೇ? ಎಣಿಸದ ಕಡೆ ಕಾರ್ಖಾನೆಯ ಮೇಲೆ ಆರೋಪವೂ ನಿಲ್ಲುವುದಿಲ್ಲ, ಅದು ನಿರ್ದೋಷಿ ಎಂದೂ ಆಗುವುದಿಲ್ಲ. ಅನುಮಾನವನ್ನು ಮಾತ್ರ ನಾವು ದಿನಾ ಉಸಿರಾಡುತ್ತೇವೆ.

ಇಂಡಿ ತಾಲ್ಲೂಕಿನ ನಮ್ಮ ಚಿಕ್ಕಮ್ಮನಿಗೆ ಊರಿನ ಡಾಕ್ಟರರೊಬ್ಬರು ಏಳು ತಿಂಗಳು ಗ್ಯಾಸಿನ ಗುಳಿಗೆ ಕೊಟ್ಟರು. ಹೊಟ್ಟೆಯ ಮೇಲೆ ಸೀರೆಯ ನಿರಿಗೆ ನಿಲ್ಲದಂತಾದ ಮೇಲೆ ಮಗ ಇಲ್ಲಿಗೆ ಕರೆತಂದ. ಶಸ್ತ್ರಚಿಕಿತ್ಸೆ, ಆರು ಕೀಮೋ ಆದವು. ಫೈಲು ಮಾಡಿಸುವ ದಿನ ವಿಳಾಸದ ಸಾಲಿನಲ್ಲಿ ಮಗ ಡೊಂಬಿವಲಿ ಬರೆಸಿದ. ಆಕೆ ನನ್ನ ಕಡೆ ತಿರುಗಿ, "ನನ್ನ ಯಾ ಊರಾಕಿ ಅಂತ ಬರಕೊಂಡ್ರಪಾ? ಐವತ್ತೆರಡು ವರ್ಷ ಅಲ್ಲಿದ್ದೀನಿ, ಇಲ್ಲಿ ಬಂದು ಇಪ್ಪತ್ತು ದಿನ ಆಗಿಲ್ಲ" ಎಂದಳು. ಒಂದು ಪ್ರದೇಶದ ಲೆಕ್ಕಕ್ಕೆ ಸೇರಬೇಕಾದರೆ ಅಲ್ಲಿ ಕನಿಷ್ಠ ಒಂದು ವರ್ಷ ವಾಸವಿರಬೇಕು ಎಂಬುದು ನೋಂದಣಿಯ ನಿಯಮ. ಈಗ ಅವಳು ಮೂರು ತಿಂಗಳಿಗೊಮ್ಮೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಕಲ್ಯಾಣದಲ್ಲಿ ಇಳಿಯುತ್ತಾಳೆ. ರಕ್ತಪರೀಕ್ಷೆ ಮುಗಿಸಿ, ವಾರ ಹತ್ತು ದಿನ ಇದ್ದು, ಶೇಂಗಾ ರಾಶಿ ಇದೆ, ಎಮ್ಮೆ ಕರು ಹಾಕಿದೆ ಎಂದು ಹೊರಟುಬಿಡುತ್ತಾಳೆ.