ಯಾರ ಗಂಟೆ ಬಿಟ್ಟಿ?

ಕೆಲಸ ಬೆಂಗಳೂರಲ್ಲಿ, ಊರು ಕಂಪಲಾಪುರ. ಮೈಸೂರಿಂದ ಮಡಿಕೇರಿ ಕಡೆ ಹೋಗಿದ್ದರೆ, ಹುಣಸೂರು ದಾಟಿ ಪಿರಿಯಾಪಟ್ಟಣ ಸೇರೋ ಮೊದಲು ನೀವೂ ನಮ್ಮೂರನ್ನ ನೋಡಿರ್ತೀರಿ. ಕಳೆದ ವರ್ಷ ನಾಲ್ಕು ವೀಕೆಂಡ್ ಊರಿಗೆ ಹೋಗಿ ನಾನೊಂದು ಗಾಡಿ ಮಾಡಿದೆ. ಓಡಿಸೋ ಗಾಡಿ ಅಲ್ಲ, ತಳ್ಳೋ ಗಾಡಿ.

ಅಪ್ಪನ ಶೆಡ್ಡಿನಲ್ಲಿ ಸ್ಪ್ಯಾನರು, ಪಂಪ್‌ಸೆಟ್ಟಿನ ಬಿಡಿಭಾಗ, ಡ್ರಿಪ್ ಪೈಪಿನ ಜಾಯಿಂಟು ಎಲ್ಲಾ ಗೊಬ್ಬರದ ಚೀಲದಲ್ಲಿ ಬಿದ್ದಿರ್ತಿದ್ದವು. ಒಂದು ನಟ್ಟು ಬೇಕಂದ್ರೆ ಚೀಲವನ್ನೇ ನೆಲಕ್ಕೆ ಸುರೀಬೇಕು. ಅದಕ್ಕೇ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಅಂತಸ್ತಿನ ಮರದ ಗಾಡಿ. ಕಾಲುಗಳಿಗೆ, ಚೌಕಟ್ಟಿಗೆ ಬಿದ್ದುಹೋದ ಹೊಗೆಸೊಪ್ಪಿನ ಬ್ಯಾರನ್ನಿನ ಹಳೇ ಮರ. ಒಣಗಿ ಕಲ್ಲಾಗಿದ್ದ ಆ ಮರ ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸೀಳಿಹೋಗೋದು. ಚೌಕಟ್ಟು ಸೊಟ್ಟ ಇದೆಯಾ ಅಂತ ನೋಡೋಕೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದೆ. ಎರಡೂ ಅಳತೆ ಒಂದೇ ಬಂದರೆ ಸರಿ. ಹಿಡಿಕೆ ಕಡೆ ತಿರುಗೋ ಗಾಲಿ ಎರಡು, ಬ್ರೇಕ್ ಇರೋದು. ಆಚೆ ಕಡೆ ನೇರ ಉರುಳೋದು ಎರಡು. ಭಾರದ ಸಾಮಾನೆಲ್ಲ ಕೆಳಗಿನ ಅಂತಸ್ತಿಗೆ, ಇಲ್ಲಾಂದ್ರೆ ತಿರುವಿನಲ್ಲಿ ಮಗುಚುತ್ತೆ.

ಲೆಕ್ಕ ಹೀಗಿತ್ತು: ಗಾಲಿ 640, ಪ್ಲೈವುಡ್ ತುಂಡುಗಳು 700, ಸ್ಕ್ರೂ ಮತ್ತು ಫೆವಿಕಾಲ್ 340, ಸ್ಯಾಂಡ್‌ಪೇಪರ್ ವಾರ್ನಿಷ್ 180. ಒಟ್ಟು 1,860 ರೂಪಾಯಿ. ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿದೆ. ಸಿಕ್ಕಾಪಟ್ಟೆ ಲೈಕು.

ಅದೇ ತಿಂಗಳು ನಮ್ಮನೆ ಹಿಂಬಾಗಿಲು ಗೆದ್ದಲು ತಿಂದು ಬಿತ್ತು. ಊರಿನ ಆಚಾರ್ರನ್ನ ಕರೆಸಿದೆ. ಮರ ನಮ್ಮದೇ, ಕೂಲಿ ಮಾತ್ರ 6,500 ಅಂದರು. ನಾನು ಚೌಕಾಸಿಗಿಳಿದೆ. "ನಾಲ್ಕು ಸಾವಿರಕ್ಕೆ ಮಾಡ್ಕೊಡಿ ಆಚಾರ್ರೇ. ನೋಡಿ, ಈ ಗಾಡೀನ 1,860ಕ್ಕೆ ನಾನೇ ಮಾಡಿದೀನಿ."

ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಗಾಡೀನ ಹಿಂದಕ್ಕೂ ಮುಂದಕ್ಕೂ ತಳ್ಳಿದರು, ಬಗ್ಗಿ ಒಳಗೆ ಬೆರಳಾಡಿಸಿದರು. "ಚೆನ್ನಾಗಿ ಮಾಡಿದೀಯ ಕಣಪ್ಪ. ಆದ್ರೆ ಇಲ್ಲಿ ಮರದ ತುದಿಗೇ ಸ್ಕ್ರೂ ಹೊಡೆದಿದೀಯ, ಎಳೆ ಹಿಡಿಯಲ್ಲ, ಸಡಿಲ ಆಯ್ತದೆ. ಒಳಮೂಲೇಲಿ ಒಂದೊಂದು ಕಟ್ಟಿಗೆ ತುಂಡು ಕೊಟ್ಟು, ಅದಕ್ಕೆ ಅಡ್ಡದಿಂದ ಹೊಡಿ. ಎಷ್ಟು ದಿನ ಹಿಡೀತು?"

"ನಾಲ್ಕು ಶನಿವಾರ, ನಾಲ್ಕು ಭಾನುವಾರ."

"ಎಂಟು ದಿನ. ಎಂಟು ದಿನದ ಕೂಲಿ ಯಾರು ಕೊಟ್ರು?"

ನಾನು ನಕ್ಕೆ. ಅವರೂ ನಕ್ಕರು. ಆದರೆ ಆ ಪ್ರಶ್ನೆ ಬೆಂಗಳೂರಿನವರೆಗೂ ನನ್ನ ಜೊತೆ ಬಂತು.

ಯೋಚನೆ ಮಾಡಿ. ಅರ್ಧ ಗಂಟೆಯ ಕಾಲ್ ಇದ್ದರೂ ನಾವು ಟೈಮ್‌ಶೀಟಿನಲ್ಲಿ ತುಂಬುತ್ತೀವಿ. ಗಂಟೆಗೆ ಬೆಲೆ ಇದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರೋರು ಯಾರು? ನನ್ನ ಎಂಟು ದಿನವನ್ನ ನಾನು ಬಿಟ್ಟಿ ಕೊಟ್ಟೆ, ಯಾಕಂದ್ರೆ ಸೋಮವಾರದಿಂದ ಶುಕ್ರವಾರದ ಸಂಬಳ ಅದನ್ನ ಸಾಕ್ತಾ ಇತ್ತು. ಅವರಿಗೆ ಅಂಥ ಇನ್ನೊಂದು ಸೋಮವಾರ ಇಲ್ಲ. ಗಾಡಿ ಅಗ್ಗವಾಗಿರಲಿಲ್ಲ, ಅದರ ದೊಡ್ಡ ಖರ್ಚನ್ನ ನಾನು ಬರೆದಿರಲಿಲ್ಲ, ಅಷ್ಟೆ. ಬರೆಯದ ಆ ಲೆಕ್ಕವನ್ನೇ ಅಳತೆಗೋಲು ಮಾಡ್ಕೊಂಡು ಅವರ ಕೂಲಿ ಅಳೆಯೋಕೆ ಹೋಗಿದ್ದೆ.

ಇದು ಗೊತ್ತಿರಬೇಕಾದ ಮನೆಯಲ್ಲೇ ನಾನು ಬೆಳೆದದ್ದು. ಹೊಗೆಸೊಪ್ಪು ಹರಾಜಾದ ರಾತ್ರಿ ಅಪ್ಪ ನೋಟ್‌ಬುಕ್ ಹಿಡಿದು ಗೊಬ್ಬರ, ಸೌದೆ, ಕೂಲಿ ಅಂತ ಕಳೀತಾ ಹೋಗೋರು. ಸೊಪ್ಪು ಕಟ್ಟಿದ ಅಮ್ಮನ ದಿನಗಳು, ಬೇಯಿಸುವಾಗ ಬ್ಯಾರನ್ ಮುಂದೆ ನಿದ್ದೆಗೆಟ್ಟ ಅಪ್ಪನ ರಾತ್ರಿಗಳು ಆ ಪುಟದಲ್ಲಿ ಯಾವತ್ತೂ ಇರ್ತಿರಲಿಲ್ಲ. ಭತ್ತ, ರಾಗಿಯ ಬೆಂಬಲ ಬೆಲೆ ಶಿಫಾರಸು ಮಾಡೋ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಲೆಕ್ಕದಲ್ಲಿ ಎ2 ಅಂತ ಒಂದಿದೆ: ಕೈಯಿಂದ ಕೊಟ್ಟ ಖರ್ಚು. ಅದರ ಜೊತೆ ಎಫ್‌ಎಲ್, ಅಂದ್ರೆ ಮನೆಯವರ ದುಡಿಮೆಗೆ ಕಟ್ಟೋ ಬೆಲೆ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸರ್ಕಾರದ ಒಂದೂವರೆ ಪಟ್ಟು ಎ2+ಎಫ್‌ಎಲ್ ಮೇಲೆ, ರೈತ ಸಂಘಟನೆಗಳು ಕೇಳೋದು ಸಿ2 ಮೇಲೆ. ಇಷ್ಟು ವರ್ಷದ ಜಗಳದ ತಿರುಳು ಆಚಾರ್ರು ಕೇಳಿದ ಪ್ರಶ್ನೆಯೇ: ಯಾವುದನ್ನ ಲೆಕ್ಕಕ್ಕೆ ಹಿಡೀಬೇಕು?

ಹಿಂದೆ ಹನ್ನೆರಡು ಆಯಗಾರರಲ್ಲಿ ಬಡಗಿಯೂ ಒಬ್ಬ. ನೇಗಿಲು, ಗಾಡಿ ರಿಪೇರಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಹೋಗೋದು. ಆ ಕಾಲವನ್ನ ಹೊಗಳೋಕೆ ಹೋಗಲ್ಲ, ಜಾತಿಯ ಕಟ್ಟು ಅದರಲ್ಲೇ ಇತ್ತು. ಆದರೆ ಬಡಗಿಯ ವರ್ಷಕ್ಕೆ ಒಂದು ಪಾಲಿದೆ ಅನ್ನೋದನ್ನ ಊರು ಒಪ್ಪಿತ್ತು.

ಹಾಗಾದ್ರೆ ನಾವೇ ಏನೂ ಮಾಡ್ಕೊಳ್ಳಬಾರದಾ? ಹಾಗಲ್ಲ. ಗಾಡಿ ಮಾಡಿ ನಾನು ಅವರ ಕೆಲಸ ಕಿತ್ಕೊಂಡಿಲ್ಲ; ಕೂಲಿ ಕೊಟ್ಟು ಮಾಡಿಸೋದಾಗಿದ್ರೆ ಅಪ್ಪ ಚೀಲದಲ್ಲೇ ಇರಲಿ ಅಂತಿದ್ರು. ನನ್ನ ಗಂಟೆಯನ್ನ ಬಿಟ್ಟಿ ಕೊಡೋಕೆ ನನಗೆ ಹಕ್ಕಿದೆ. ಅದನ್ನ ತೋರಿಸಿ ಇನ್ನೊಬ್ಬರ ಗಂಟೆಯನ್ನ ಬಿಟ್ಟಿ ಕೇಳೋಕೆ ಇಲ್ಲ.

ಬಾಗಿಲಿಗೆ 6,500 ಕೊಟ್ಟೆ. ದೊಡ್ಡತನವೇನಲ್ಲ, ಅವರು ಕೇಳಿದ್ದೇ ಅಷ್ಟು. ಮೂಲೆಗೆ ಕಟ್ಟಿಗೆ ಕೊಡು ಅಂದ ಸಲಹೆಗೆ ಅವರು ದುಡ್ಡು ಕೇಳಲಿಲ್ಲ. ನಮ್ಮ ಕಡೆ ಅದಕ್ಕೆ ಕನ್ಸಲ್ಟೆನ್ಸಿ ಅಂತಾರೆ.

ಮುಂದಿನ ಶನಿವಾರ ಆ ತುಂಡುಗಳನ್ನ ಕೂರಿಸ್ತಾ ಇದ್ದೆ. ಎಂದಿನಂತೆ ಅಮ್ಮ ಗಾಡೀನ ಅಲುಗಾಡದಂತೆ ಎರಡೂ ಕೈಲಿ ಹಿಡಿದು ನಿಂತಿದ್ದರು. ನಾಲ್ಕು ವೀಕೆಂಡೂ ಹಾಗೇ ಹಿಡಿದಿದ್ದರು ಅನ್ನೋದು ಆಗ ನೆನಪಾಯ್ತು. ಎಂಟು ದಿನ ಅಂತ ಆಚಾರ್ರಿಗೆ ಹೇಳಿದ್ದೆನಲ್ಲ, ಆ ಲೆಕ್ಕವೂ ತಪ್ಪೇ.