ಊರಿನ ಋಣ

ಪಟ್ಟಣವೆಂಬುದು ಯಾರದು? ಅಲ್ಲಿಯೇ ಹುಟ್ಟಿ ಬೆಳೆದವರದು ಎಂಬುದು ಸುಲಭವಾದ ಉತ್ತರ. ಆದರೆ ದಾವಣಗೆರೆಯಂತಹ ಪಟ್ಟಣದ ವಿಷಯದಲ್ಲಿ ಈ ಉತ್ತರವು ನಿಲ್ಲುವಂತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅದು ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿಯಾಗಿದ್ದಿತು. ಹೈದರಾಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರಿಗೆ ಪ್ರೋತ್ಸಾಹವಿತ್ತು ಅಲ್ಲಿ ನೆಲೆಗೊಳಿಸಿದನು. ಸರದಾರನ ವಂಶವು ಮುಂದುವರಿಯದೆ ಹೋದರೂ ಪೇಟೆಯು ಬೆಳೆಯುತ್ತಲೇ ಬಂದಿತು. ಅಂದಮೇಲೆ ಇಂದು ಹಳಬರೆನಿಸಿಕೊಂಡ ಅನೇಕರ ಹಿರಿಯರೂ ಒಂದು ಕಾಲಕ್ಕೆ ಗಂಟುಮೂಟೆಯೊಡನೆ ಬಂದಿಳಿದವರೇ ಆಗಿರಬೇಕಷ್ಟೆ. ಊರಿನ ಹೆಸರಿನೊಡನೆ ಬೆರೆತುಹೋದ ಬೆಣ್ಣೆದೋಸೆಯೂ ಬೆಳಗಾವಿಯ ಕಡೆಯಿಂದ ಬಂದ ಚೆನ್ನಮ್ಮನೆಂಬ ಹೆಣ್ಣುಮಗಳಿಂದ ಮೊದಲಾಯಿತೆಂದು ಪ್ರತೀತಿ. ಹೊರಗಿನವಳ ಕೈಯದೆಂದು ಅದನ್ನು ಒಲ್ಲೆನೆಂದವರುಂಟೆ?

ಚನ್ನಗಿರಿಯ ಅಡಕೆ, ಹೊನ್ನಾಳಿಯ ಕಡೆಯ ಬತ್ತ, ಜಗಳೂರಿನ ಮೆಕ್ಕೆಜೋಳ ಇವುಗಳಿಗೂ ಪೇಟೆಯಲ್ಲಿ ಅಂತಹ ಪ್ರಶ್ನೆಯಿಲ್ಲ. ತೂಕ ಸರಿಯಾಗಿದ್ದರೆ ಸಾಕು. ಸರಕಿನ ಹಿಂದೆ ಬಂದ ಮನುಷ್ಯನನ್ನು ಮಾತ್ರ “ನೀನು ಯಾವ ಊರವನು?” ಎಂದು ಕೇಳುತ್ತಾರೆ. ಕೆಲವು ವೇಳೆ ಆ ಪ್ರಶ್ನೆಯು ಕುಶಲಪ್ರಶ್ನೆ, ಕೆಲವು ವೇಳೆ ಬಾಗಿಲು ಮುಚ್ಚುವ ಸದ್ದು.

1936ರಲ್ಲಿ ದಾವಣಗೆರೆ ಕಾಟನ್ ಮಿಲ್ಲು ಸ್ಥಾಪಿತವಾಯಿತು. ಮುಂದೆ ಒಂದೊಂದಾಗಿ ಗಿರಣಿಗಳು ಹೆಚ್ಚಿ, ಊರು ಕರ್ನಾಟಕದ ಮ್ಯಾಂಚೆಸ್ಟರೆನಿಸಿತು. ಗಿರಣಿಗೆ ಆಳು ಬೇಕು. ಮಳೆಯನ್ನೇ ನಂಬಿದ ಬಯಲಿನ ಹಳ್ಳಿಗಳಲ್ಲಿ ಕೈಗಳುಂಟು, ಕೆಲಸವಿಲ್ಲ. ಹೀಗೆ ಬಂದವರ ಮೊಹಲ್ಲಾಗಳು, ಕೇರಿಗಳು ಬೆಳೆದುವು. ಕೊನೆಗೆ ಆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋದುವು. ಧರ್ಮದ ಪ್ರಶ್ನೆಯು ಹುಟ್ಟುವುದು ಇಲ್ಲಿ. ಕರೆದಾಗ ಬಂದವನಿಗೆ, ಕೆಲಸ ತೀರಿದ ಮೇಲೆ, ಊರು ಏನನ್ನು ಕೊಡಬೇಕು?

“ಕೂಲಿ ಕೊಟ್ಟಾಯಿತು, ಲೆಕ್ಕ ಚುಕ್ತಾ” ಎಂಬುದು ವ್ಯಾಪಾರದ ನ್ಯಾಯ. ಅದು ಸುಳ್ಳೆಂದು ಹೇಳಲಾಗದು. ಬಂದವರಿಗೆಲ್ಲ ಉದ್ಯೋಗ ಕೊಡಲು ಯಾವ ಪಟ್ಟಣಕ್ಕೂ ಶಕ್ತಿಯಿಲ್ಲ. ಆದರೆ ಇಪ್ಪತ್ತು ವರ್ಷ ನೂಲಿನ ಧೂಳು ಕುಡಿದವನು ಕೊಟ್ಟುದು ದುಡಿಮೆಯೊಂದನ್ನೇ ಅಲ್ಲ. ಹಳ್ಳಿಯಲ್ಲಿದ್ದ ತುಂಡು ಹೊಲವನ್ನು ಬಿಟ್ಟನು, ಹೆಂಡತಿಮಕ್ಕಳನ್ನು ಕರೆತಂದನು, ಬಾಡಿಗೆ ತೆತ್ತನು, ಅಂಗಡಿಗಳ ಗಿರಾಕಿಯಾದನು. ಅವನ ಮಕ್ಕಳಿಗೆ ಹಿಂತಿರುಗಲು ಹಳ್ಳಿಯೇ ಇಲ್ಲ. ಇವು ಯಾವ ಕೂಲಿಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಉದ್ಯೋಗವನ್ನು ಕೊಡಲಾಗದಿದ್ದರೂ ನೀರು, ಶಾಲೆ, ಸ್ಮಶಾನದಲ್ಲಿ ಮೂರು ಮೊಳ ಜಾಗ, ಸಭೆಯಲ್ಲಿ ಒಂದು ಮಾತು ಇವನ್ನು ಪಟ್ಟಣವು ಭಿಕ್ಷೆಯಂತಲ್ಲ, ಸಾಲ ತೀರಿಸುವಂತೆ ಕೊಡಬೇಕಾದುದು ನ್ಯಾಯ.

ಸಭೆಯ ಮಾತೆಂದಾಗ ಜಗಳೂರಿನ ಮಹಮದ್ ಇಮಾಮರು ನೆನಪಾಗುತ್ತಾರೆ. 1957ರಲ್ಲಿ ಚಿತ್ರದುರ್ಗ ಕ್ಷೇತ್ರದ ಜನರು, ಬಹುಪಾಲು ಹಿಂದೂಗಳೇ ಆಗಿದ್ದರೂ, ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಮತದ ಪೆಟ್ಟಿಗೆಯ ಮುಂದೆ ಇಷ್ಟು ಉದಾರರಾದ ಜನರೇ ಬಾಡಿಗೆಗೆ ಮನೆ ಕೊಡುವಾಗ ಕುಲಗೋತ್ರಗಳನ್ನು ಕೆದಕುವುದು ವಿಚಿತ್ರವಲ್ಲವೇ!

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪುಣ್ಯಕ್ಷೇತ್ರ. ಅವರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿ ದೇಶವನ್ನೆಲ್ಲ ಸುತ್ತಿದವರು; ರೈಲು ಬಂದ ಮೇಲೆ ಆ ಕಸುಬು ಹೋಯಿತು, ತಾಂಡಾಗಳು ನೆಲೆನಿಂತುವು. ಆದರೂ ತಾಂಡಾಗಳಿಂದ ದುಡಿಮೆಗಾಗಿ ಪಟ್ಟಣಗಳಿಗೂ ಕಾಫಿತೋಟಗಳಿಗೂ ಹೋಗುವುದು ನಿಂತಿಲ್ಲ. ತಂದೆತಾಯಿಗಳೊಡನೆ ಹೊರಟ ಮಗುವು ವರ್ಷದ ನಡುವೆ ಹೊಸ ಶಾಲೆಯ ಬಾಗಿಲಲ್ಲಿ ನಿಂತರೆ ಅದನ್ನು ಒಳಗೆ ಕರೆದುಕೊಳ್ಳುವುದು ಕಾನೂನಿನಿಂದಲೇ ಕರ್ತವ್ಯವಾಗಿದೆ. ಆ ಮಗುವನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಕರೆದು ಕೂರಿಸುವುದನ್ನು ಮಾತ್ರ ಯಾವ ಕಾನೂನೂ ಮಾಡಿಸಲಾರದು.