ಹಿತ್ತಾಳೆ ತಗಡಿನ ನಡುವಿನ ಗುಟ್ಟು

ಕದ್ದರೆ ತಪ್ಪು, ಸುಳ್ಳು ಹೇಳಿದರೆ ತಪ್ಪು. ಆದರೆ ನಾನೇ ಕಷ್ಟಪಟ್ಟು ಕಲಿತ ವಿದ್ಯೆಯನ್ನ ಯಾರಿಗೂ ಹೇಳಿಕೊಡದೆ ನನ್ನಲ್ಲೇ ಇಟ್ಟುಕೊಂಡರೆ ಅದೂ ತಪ್ಪಾ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಮುನ್ನೂರು ವರ್ಷಕ್ಕೂ ಹಳೆಯದಾದ ಒಂದು ಹಿತ್ತಾಳೆ ಮೈಕ್ರೋಸ್ಕೋಪು.

ಕಾಲೇಜು ಲ್ಯಾಬಿನಲ್ಲಿ ನೋಡಿದ, ಕೊಳವೆ ಇರುವಂಥದ್ದಲ್ಲ ಇದು. ಹೆಬ್ಬೆರಳುದ್ದದ ಎರಡು ತೆಳು ತಗಡು, ನಡುವೆ ಸಾಸಿವೆ ಕಾಳಿನಷ್ಟು ಲೆನ್ಸು. ಹಿಂದೆ ಒಂದು ಸೂಜಿಮೊನೆ, ನೋಡಬೇಕಾದ್ದನ್ನ ಅದಕ್ಕೆ ಅಂಟಿಸಬೇಕು. ಆಚೀಚೆ ಸರಿಸೋಕೆ ಪುಟ್ಟ ತಿರುಪುಗಳು. ಮೀನಿನ ಬಾಲದಲ್ಲಿ ರಕ್ತ ಹರಿಯೋದನ್ನ ನೋಡೋಕೆ, ಗಾಜಿನ ಕೊಳವೆ ಸಿಕ್ಕಿಸುವ ಬೇರೆಯೇ ಚೌಕಟ್ಟು. ಮಾಡಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲ್ಯೂವೆನ್‌ಹಾಕ್. ವಿಶ್ವವಿದ್ಯಾಲಯದ ಮುಖ ನೋಡಿದವನಲ್ಲ, ಡಚ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಆದರೂ 1676ರಲ್ಲಿ, ನೀರಿನಲ್ಲಿ ಓಡಾಡುವ ಅತಿ ಸಣ್ಣ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಬ್ಯಾಕ್ಟೀರಿಯಾ ಮನುಷ್ಯರ ಕಣ್ಣಿಗೆ ಬಿದ್ದದ್ದು ಹಾಗೆ.

ಕಂಡದ್ದನ್ನೆಲ್ಲ ಐವತ್ತು ವರ್ಷ ಬರೆದ. ಹೇಗೆ ಕಂಡೆ ಅನ್ನೋದನ್ನ ಮಾತ್ರ ಹೇಳಲಿಲ್ಲ. ಮನೆಗೆ ಬಂದವರಿಗೆ ಸಾಧಾರಣ ಮೈಕ್ರೋಸ್ಕೋಪು ತೋರಿಸಿ, ಒಳ್ಳೆಯದನ್ನ ಒಳಗಿಡುತ್ತಿದ್ದ. ಅವನು ಹೇಳಿದ್ದು ನಿಜವೋ ಸುಳ್ಳೋ ಅಂತ ನೋಡೋಕೆ ರಾಬರ್ಟ್ ಹುಕ್ ತಾನೇ ಒದ್ದಾಡಿ, 1677ರಲ್ಲಿ ಆ ಜೀವಿಗಳನ್ನ ಸೊಸೈಟಿಯವರಿಗೆ ತೋರಿಸಬೇಕಾಯಿತು. ಹುಡುಗರಿಗೆ ಈ ವಿದ್ಯೆ ಕಲಿಸಬಾರದೇ ಅಂತ ಲೈಬ್ನಿಟ್ಸ್ ಕೇಳಿದಾಗಲೂ ಲ್ಯೂವೆನ್‌ಹಾಕ್ ಒಪ್ಪಲಿಲ್ಲ. ಓದೋಕೆ ಬರೋರಿಗೆ ಬೇಕಿರೋದು ದುಡ್ಡು, ಇಲ್ಲಾ ಹೆಸರು. ಇದಕ್ಕೆ ಬೇಕಾದ ತಾಳ್ಮೆ ಅವರಿಗಿಲ್ಲ ಅನ್ನೋದು ಅವನ ವಾದ.

ಈ ವಾದವನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. 2021ರಲ್ಲಿ ಸಂಶೋಧಕರು, ಯುಟ್ರೆಕ್ಟಿನ ಮ್ಯೂಸಿಯಮ್ಮಿನಲ್ಲಿರುವ ಅವನ ಮೈಕ್ರೋಸ್ಕೋಪನ್ನ ಬಿಚ್ಚದೆ, ನ್ಯೂಟ್ರಾನ್ ಕಿರಣ ಹಾಯಿಸಿ ಒಳಗಿನ ಲೆನ್ಸು ನೋಡಿದರು. ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸು ಅದು. ಸಿಕ್ಕಿದ್ದೇನು? ಗಾಜಿನ ಎಳೆಯ ತುದಿಯನ್ನ ಬೆಂಕಿಗೆ ಹಿಡಿದು ಕರಗಿಸಿ ಮಾಡಿದ ಗುಂಡು ಮಣಿ. ಆ ವಿಧಾನವನ್ನ ಹುಕ್ 1665ರಲ್ಲೇ 'ಮೈಕ್ರೋಗ್ರಾಫಿಯಾ' ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದ! ಲ್ಯೂವೆನ್‌ಹಾಕ್ ಅದನ್ನ ನೋಡಿ ಕಲಿತನೋ, ತಾನೇ ಕಂಡುಕೊಂಡನೋ, ಅದು ಬೇರೆ ಮಾತು. ಗುಟ್ಟು ಅಂತ ಜಗತ್ತು ನಂಬಿದ್ದು ಅಚ್ಚಾದ ಪುಸ್ತಕದಲ್ಲೇ ಇತ್ತು.

ಹಾಗಾದರೆ ಅವನು ಮುಚ್ಚಿಟ್ಟಿದ್ದು ಏನನ್ನ?

ನಮ್ಮೂರಲ್ಲಿ ಉಳುಕು ತೆಗೆದು ಕಟ್ಟು ಕಟ್ಟುವ ಅಜ್ಜ ಒಬ್ಬರಿದ್ದರು. ಸೊಪ್ಪಿನ ಹೆಸರು ಹೇಳಿದರೆ ಗುಣ ಹೋಗುತ್ತೆ ಅನ್ನೋರು. ತಮಾಷೆ ಅಂದರೆ ಆ ಸೊಪ್ಪು ಯಾವುದು ಅಂತ ದನ ಕಾಯೋ ಹುಡುಗರಿಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಅವರ ಕೈಯ ಅಂದಾಜು: ಎಲ್ಲಿ ಒತ್ತಬೇಕು, ಎಷ್ಟು ಬಿಗಿಯಬೇಕು, ಯಾವಾಗ 'ಇದು ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಹೋಗು' ಅನ್ನಬೇಕು. ಅಜ್ಜ ಹೋದ ಮೇಲೆ ಸೊಪ್ಪು ಬೇಲಿಯಲ್ಲೇ ಉಳೀತು, ಕಟ್ಟೋರು ಉಳೀಲಿಲ್ಲ.

ಆಫೀಸುಗಳಲ್ಲೂ ಇದೇ ಕತೆ. ಕೆಲಸ ಬಿಡೋರು ಕೊನೆ ವಾರದಲ್ಲಿ 'ಕೆಟಿ' ಅಂತ ನಲವತ್ತು ಪುಟ ಬರೆದಿಟ್ಟು ಹೋಗ್ತಾರೆ. ಎಲ್ಲ ಅದರಲ್ಲಿರುತ್ತೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಯಾವ ಲಾಗ್ ಮೊದಲು ನೋಡಬೇಕು ಅನ್ನೋದು ಮಾತ್ರ ಇರಲ್ಲ. ಅದು ಪಕ್ಕದಲ್ಲಿ ಕೂತು ನೋಡಿದವರಿಗೆ ಬರೋ ವಿದ್ಯೆ.

ಹುಕ್ ಬರೆದಿಟ್ಟ, ಮಾಡಿ ನೋಡಿದವರು ಕಡಿಮೆ. ಲ್ಯೂವೆನ್‌ಹಾಕ್ ಮಾಡಿದ, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಲಿಲ್ಲ. 1723ರಲ್ಲಿ ಅವನು ಸತ್ತ ಮೇಲೆ ಆ ಕೆಲಸವನ್ನ ಮುಂದುವರಿಸೋಕೆ ಶಿಷ್ಯ ಅಂತ ಯಾರೂ ಇರಲಿಲ್ಲ. ಸೊಸೈಟಿಗೆ ಬರೆದಿಟ್ಟು ಹೋದ 26 ಬೆಳ್ಳಿ ಮೈಕ್ರೋಸ್ಕೋಪುಗಳೂ ಮುಂದೆ ಕಳೆದುಹೋದವು.

ತಾಳ್ಮೆಯನ್ನ ಹೇಳಿಕೊಡೋಕೆ ಆಗಲ್ಲ ಅನ್ನೋದರಲ್ಲಿ ಅವನು ಸರಿ. ಆದರೆ ಯಾರಿಗೆ ತಾಳ್ಮೆ ಇದೆ ಅಂತ ಮೊದಲೇ ತೀರ್ಮಾನ ಮಾಡೋ ಹಕ್ಕು ಅವನಿಗಿತ್ತಾ? ಬಟ್ಟೆ ಅಂಗಡಿಯಲ್ಲಿ ಕೂತಿದ್ದ ಅವನನ್ನೇ ನೋಡಿ, ಇವನಿಂದ ವಿಜ್ಞಾನ ಆಗುತ್ತೆ ಅಂತ ಯಾರು ತಾನೇ ಹೇಳಿರುತ್ತಿದ್ದರು? ಹತ್ತು ಜನ ಬಂದು ಒಂಬತ್ತು ಜನ ಎದ್ದುಹೋಗಲಿ. ಒಬ್ಬ ಉಳಿದಿದ್ದರೂ, ಆ ತಗಡಿನೊಳಗೇನಿದೆ ಅಂತ ತಿಳಿಯೋಕೆ ನ್ಯೂಟ್ರಾನ್ ಕಿರಣ ಬೇಕಾಗುತ್ತಿರಲಿಲ್ಲ.